ಊಟದ ಕೊನೆಯ ಬಟ್ಟಲು

ಈ ಹೊತ್ತು ನಾನು ಮಾತನಾಡಲು ಆರಿಸಿಕೊಂಡಿರುವ ವಿಷಯ ಬಹು ಸಣ್ಣದು. ಒಂದು ಬಟ್ಟಲಿನಲ್ಲಿ ಹಿಡಿಯುವಷ್ಟು. ರಾತ್ರಿಯ ಊಟ ಮುಗಿಯುತ್ತ ಬಂದಾಗ, ಸಾರು ಅನ್ನಗಳೆಲ್ಲ ಆದ ಮೇಲೆ, ನಾಲಗೆ ಬಯಸುವ ಆ ಕೊನೆಯ ಸಿಹಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತರಗತಿಯಲ್ಲಿ ಹಳಗನ್ನಡ ಕಾವ್ಯ ಪಾಠ ಹೇಳಿದವನು ಅಡಿಗೆಮನೆಯ ಮಾತಿಗೆ ಏಕೆ ಬಂದ ಎಂದು ಶ್ರೋತೃಗಳಿಗೆ ಆಶ್ಚರ್ಯವಾಗಬಹುದು. ನಮ್ಮ ಹಿರಿಯ ಕವಿಗಳು ಈ ವಿಷಯಕ್ಕೆ ನಾಚಿದವರಲ್ಲ ಎಂಬುದೇ ನನ್ನ ಸಮಾಧಾನ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜನ ಊಟಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟನು. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು, ‘ನೇಮಿಜಿನೇಶಸಂಗತಿ’ಯನ್ನು ಬರೆದ ಅದೇ ಕೈಯಿಂದ, ಕನ್ನಡ ಪದ್ಯಗಳಲ್ಲಿ ‘ಸೂಪಶಾಸ್ತ್ರ’ವನ್ನೂ ಬರೆದನು. ಅವರು ನಡೆದ ದಾರಿಯಲ್ಲಿ ನಾನು ನಾಲ್ಕು ಹೆಜ್ಜೆ ಇಟ್ಟರೆ ತಪ್ಪಾಗಲಾರದು.

ನಮ್ಮಲ್ಲಿ ‘ಪಂಕ್ತಿಭೇದ’ ಎಂಬ ಮಾತೊಂದು ಉಂಟು. ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತವರಲ್ಲಿ ಒಬ್ಬರಿಗೆ ಬಡಿಸಿ ಇನ್ನೊಬ್ಬರಿಗೆ ಬಡಿಸದೆ ಹೋಗುವುದು, ಅಥವಾ ಒಬ್ಬರಿಗೆ ಒಂದು ಬಗೆ, ಮತ್ತೊಬ್ಬರಿಗೆ ಬೇರೊಂದು ಬಗೆ ಬಡಿಸುವುದು ಪಂಕ್ತಿಭೇದ. ಅದು ಅನ್ಯಾಯವೆಂದು ನಾವೆಲ್ಲ ಒಪ್ಪುತ್ತೇವೆ. ಆದರೆ ಇಂದು ನಮ್ಮ ಮನೆಗಳಲ್ಲಿ, ಯಾರ ದುರುದ್ದೇಶವೂ ಇಲ್ಲದೆ, ಹೊಸದೊಂದು ಪಂಕ್ತಿಭೇದ ಬಂದು ಕುಳಿತಿದೆ. ಪಾಯಸದ ಪಾತ್ರೆ ಹಿಡಿದು ಬಂದ ಸೊಸೆ ಮಾವನವರ ತಟ್ಟೆಯ ಮುಂದೆ ಒಂದು ಕ್ಷಣ ತಡೆಯುತ್ತಾಳೆ. “ಅವರಿಗೆ ಬೇಡಮ್ಮ, ಸಕ್ಕರೆ ಕಾಯಿಲೆ” ಎಂದು ಒಳಗಿನಿಂದ ಅತ್ತೆಯವರ ಧ್ವನಿ ಬರುತ್ತದೆ. ಪಾತ್ರೆ ಮುಂದೆ ಹೋಗುತ್ತದೆ. ಉಳಿದವರು ಬೆರಳು ಚೀಪುತ್ತಿರುವಾಗ ಆ ಹಿರಿಯರು ನೀರಿನ ಲೋಟವನ್ನು ನೋಡುತ್ತ ಕುಳಿತಿರುತ್ತಾರೆ. ಇಲ್ಲವೆ, ಕೈ ತೊಳೆಯಲು ಮೊದಲೇ ಎದ್ದುಹೋಗುತ್ತಾರೆ. ಆ ಸಾಲಿನಲ್ಲಿ ಹಾಗೆ ಕುಳಿತವರಲ್ಲಿ ನಾನೂ ಒಬ್ಬ. ಸಿಹಿ ತಪ್ಪಿದ ದುಃಖ ದೊಡ್ಡದಲ್ಲ; ಸಾಲಿನಿಂದ ಬೇರೆಯಾದೆವೆಂಬ ಭಾವ ಇದೆಯಲ್ಲ, ಅದು ಸ್ವಲ್ಪ ದೊಡ್ಡದು.

ಇದು ಒಂದೆರಡು ಮನೆಗಳ ಮಾತೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ವಯಸ್ಕರಲ್ಲಿ ಶೇಕಡ 11.4ರಷ್ಟು. ಅದರ ಹೊಸ್ತಿಲಲ್ಲಿ ನಿಂತಿರುವವರು ಇನ್ನೂ 13 ಕೋಟಿಗೆ ಮೇಲ್ಪಟ್ಟು. ಹತ್ತು ಜನರ ಪಂಕ್ತಿಯಲ್ಲಿ ಒಬ್ಬರಿಗಾದರೂ ಪಾಯಸದ ಪಾತ್ರೆ ನಿಲ್ಲದೆ ಮುಂದೆ ಹೋಗುತ್ತದೆ ಎಂದಾಯಿತು.

ಪಾಯಸವನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಆದರೆ ಅದರ ಲೆಕ್ಕವನ್ನು ಒಮ್ಮೆ ನೋಡೋಣ. ಒಂದು ಬಟ್ಟಲು ಶಾವಿಗೆ ಪಾಯಸಕ್ಕೆ 25 ಗ್ರಾಂ ಶಾವಿಗೆ, 25 ಗ್ರಾಂ ಸಕ್ಕರೆ, 100 ಮಿಲಿಲೀಟರು ಹಾಲು ಎಂದಿಟ್ಟುಕೊಳ್ಳಿ. ಶಾವಿಗೆಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಪಿಷ್ಟ. ಸಕ್ಕರೆ ಪೂರ್ತಿ ಸಕ್ಕರೆಯೇ. ಹಾಲಿನಲ್ಲಿಯೂ ಅದರದೇ ಆದ ಸಕ್ಕರೆ ಸುಮಾರು 5 ಗ್ರಾಂ ಇದೆ. ಎಲ್ಲ ಸೇರಿ 50 ಗ್ರಾಮಿನ ಹತ್ತಿರ ಬರುತ್ತದೆ. ಅದೂ, ಅನ್ನ ಉಂಡ ಮೇಲೆ. “ಸಕ್ಕರೆಗೆ ಬದಲು ಬೆಲ್ಲ ಹಾಕಿದ್ದೇವೆ, ತಿನ್ನಿ” ಎಂದು ಪ್ರೀತಿಯಿಂದ ಒತ್ತಾಯಮಾಡುವವರಿದ್ದಾರೆ. ಬೆಲ್ಲದಲ್ಲಿ ಪರಿಮಳ ಹೆಚ್ಚು, ಒಂದಿಷ್ಟು ಖನಿಜಾಂಶವೂ ಇದೆ. ಆದರೆ ರಕ್ತಕ್ಕೆ ಸೇರುವ ಹೊತ್ತಿಗೆ ಅದೂ ಸಕ್ಕರೆಯೇ. ಜೇನುತುಪ್ಪದ ಮಾತೂ ಹೆಚ್ಚು ಬೇರೆಯಲ್ಲ; ಅದರಲ್ಲಿ ನೂರಕ್ಕೆ ಸುಮಾರು 80 ಪಾಲು ಸಕ್ಕರೆ. ಖರ್ಜೂರದಲ್ಲಿ ಮುಕ್ಕಾಲು ಪಾಲು. ಸಬ್ಬಕ್ಕಿಯಂತೂ ಪಿಷ್ಟದ ಮಣಿಯೇ ಸರಿ.

ಹಾಗಾದರೆ ಊಟದ ಕೊನೆಗೆ ಏನು ಉಳಿಯಿತು? ಇಲ್ಲಿ ನಮ್ಮ ಎಲೆಯ ಕ್ರಮವನ್ನು ನೆನಪಿಸಿಕೊಳ್ಳಬೇಕು. ಮೈಸೂರು ಸೀಮೆಯ ಹಬ್ಬದೂಟದಲ್ಲಿ ಪಾಯಸ ಬೀಳುವುದು ಮೊದಲಿಗೇ, ಎಲೆಯ ಅಂಚಿಗೆ, ಒಂದು ಚಮಚದಷ್ಟು. ಕೊನೆಗೆ ಬರುವುದು ಮೊಸರು ಅಥವಾ ಮಜ್ಜಿಗೆ. ಊಟವನ್ನು ಸಿಹಿಯಿಂದ ಮುಗಿಸುವ ಪದ್ಧತಿ ಹೋಟೆಲಿನ ಬಫೆ ಊಟಗಳ ಜೊತೆಯಲ್ಲಿ ನಮ್ಮ ಮನೆಗಳಲ್ಲಿ ಬಲವಾಯಿತು. ನಮ್ಮ ಊಟದ ಭರತವಾಕ್ಯವನ್ನು ಹೇಳುತ್ತಿದ್ದುದು ಸಕ್ಕರೆಯಲ್ಲ, ಮೊಸರು. ನಾಲಗೆಗೆ ತಂಪು, ಗಂಟಲಿಗೆ ನಯ, ಹೊಟ್ಟೆಗೆ ತೃಪ್ತಿ, ಈ ಮೂರೂ ಅದರಲ್ಲಿದ್ದುವು.

ಭಾಷೆಯೂ ಇದಕ್ಕೆ ಸಾಕ್ಷಿ ಹೇಳುತ್ತದೆ. ಹಾಲು, ಕೆನೆ, ಮೊಸರು, ಬೆಣ್ಣೆ, ಇವೆಲ್ಲ ನಮ್ಮ ಅಚ್ಚಗನ್ನಡದ ಮಾತುಗಳು. ಬೆಳ್ಳಗಿನ ನೆಯ್ ಬೆಣ್ಣೆಯಾಯಿತು. ಸಕ್ಕರೆಯೋ, ಸಂಸ್ಕೃತದ ಶರ್ಕರೆಯ ತದ್ಭವ; ಅದು ಆಮೇಲೆ ಬಂದ ಅತಿಥಿ. ಅತಿಥಿಯನ್ನು ಹೊರಗೆ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಯಜಮಾನನ ಪೀಠದಿಂದ ಇಳಿಸಿ ಅತಿಥಿಯ ಮಣೆಯ ಮೇಲೆ ಕೂರಿಸಿದರೆ ಸಾಕು.

ತೃಪ್ತಿ ಬರುವುದು ಸಿಹಿಯೊಂದರಿಂದಲೇ ಅಲ್ಲ. ಏಲಕ್ಕಿ ಕೇಸರಿಗಳ ಪರಿಮಳ ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ಕೆನೆ ಆ ಪರಿಮಳವನ್ನು ನಾಲಗೆಯ ಮೇಲೆ ತಡೆದು ನಿಲ್ಲಿಸುತ್ತದೆ. ಚಿಟಿಕೆ ಉಪ್ಪು ಬಿದ್ದರೆ ಇರುವಷ್ಟೇ ಸಿಹಿ ಎದ್ದು ಕಾಣುತ್ತದೆ. ತುಂಬ ತಣ್ಣಗಿದ್ದರೆ ಸಿಹಿ ಮಂಕಾಗುತ್ತದೆ. ಆದುದರಿಂದ ಫ್ರಿಜ್ಜಿನಿಂದ ತೆಗೆದು ಹತ್ತು ಹದಿನೈದು ನಿಮಿಷ ಬಿಟ್ಟು ಬಡಿಸಬೇಕು. ಕೆನೆ, ಪರಿಮಳ, ಉಪ್ಪು, ಹದವಾದ ತಂಪು: ಈ ನಾಲ್ವರು ಸೇರಿದರೆ ಸಕ್ಕರೆಯ ಕೆಲಸದ ಬಹುಪಾಲನ್ನು ತಾವೇ ಮಾಡಿಬಿಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕೆನೆಯಾಗಿರುವುದೆಲ್ಲ ನಿರಪಾಯವಲ್ಲ. ಸಕ್ಕರೆ ಹಾಕದ ಬಾಸುಂದಿ ಒಳ್ಳೆಯದಲ್ಲವೆ ಎಂದು ಅನೇಕರು ಕೇಳುತ್ತಾರೆ. ಒಂದು ಲೀಟರು ಹಾಲನ್ನು ಬತ್ತಿಸಿ ಮೂರನೆಯ ಒಂದು ಪಾಲಿಗೆ ಇಳಿಸಿದಾಗ ಹೋಗುವುದು ನೀರು ಮಾತ್ರ. ಹಾಲಿನಲ್ಲಿದ್ದ ಸುಮಾರು 45ರಿಂದ 50 ಗ್ರಾಂ ಸಕ್ಕರೆ ಅಲ್ಲಿಯೇ ಕುಳಿತಿರುತ್ತದೆ, ಇನ್ನೂ ಗಟ್ಟಿಯಾಗಿ. ಖೋವಾದ ಗತಿಯೂ ಅದೇ. ಮೊಸರಿನ ದಾರಿ ಬೇರೆ. ಹಾಲು ಹೆಪ್ಪಾಗುವಾಗ ಆ ಸಕ್ಕರೆಯ ಒಂದಂಶ ಹುಳಿಯಾಗಿ ಮಾರ್ಪಡುತ್ತದೆ; ಮೊಸರನ್ನು ಬಟ್ಟೆಯಲ್ಲಿ ಕಟ್ಟಿದಾಗ ಸೋರುವ ತಿಳಿನೀರಿನ ಜೊತೆ ಇನ್ನೊಂದಂಶ ಹೊರಟುಹೋಗುತ್ತದೆ. ಉಳಿಯುವುದು ಕೆನೆ ಮತ್ತು ಸಸಾರಜನಕ. ಬಾಸುಂದಿ ಸಕ್ಕರೆಯನ್ನು ಕೂಡಿಡುತ್ತದೆ, ಕಟ್ಟಿದ ಮೊಸರು ಅದನ್ನು ಕಳೆಯುತ್ತದೆ.

ಈ ಕಟ್ಟಿದ ಮೊಸರೇ ಧಾರವಾಡ ಬೆಳಗಾವಿಗಳ ಕಡೆ ‘ಚಕ್ಕಾ’. ಅದರಿಂದ ಆಗುವುದು ಶ್ರೀಖಂಡ. ಹಳೆಯ ಪಾಕಗ್ರಂಥಗಳ ‘ಶಿಖರಿಣಿ’ ಇದರ ಹಿರಿಯಕ್ಕ. ನಾವು ಮಾವಿನ ಹಣ್ಣಿನಿಂದಲೂ ಬಾಳೆಯ ಹಣ್ಣಿನಿಂದಲೂ ಮಾಡುವ ‘ಸೀಕರಣೆ’ ಎಂಬುದರಲ್ಲಿ ಉಳಿದಿರುವುದೂ ಆ ಹೆಸರೇ. ಅಂಗಡಿಯ ಶ್ರೀಖಂಡದಲ್ಲಿ ಸಕ್ಕರೆ ಬಹಳ. ಮನೆಗಳಲ್ಲಿಯೂ ಚಕ್ಕಾದ ತೂಕಕ್ಕೆ ಹೆಚ್ಚುಕಡಿಮೆ ಸರಿಸಮನಾಗಿ ಹಾಕುವವರಿದ್ದಾರೆ. ಅಷ್ಟು ಬೇಕಿಲ್ಲ. ನಿವೃತ್ತನಾದ ಮೇಲೆ ಅಡಿಗೆಮನೆಯಲ್ಲಿ ನನಗೂ ಒಂದು ಮೂಲೆ ದೊರೆತಿದೆ. ಅಲ್ಲಿ ನಾನು ಮಾಡುವ ಕ್ರಮವನ್ನು ಹೇಳುತ್ತೇನೆ. ಒಂದು ಲೀಟರು ಗಟ್ಟಿ ಹಾಲಿನ, ಹುಳಿಯೇರದ ಮೊಸರನ್ನು ಮಧ್ಯಾಹ್ನ ತೆಳುಬಟ್ಟೆಯಲ್ಲಿ ಕಟ್ಟಿ, ಕೆಳಗೊಂದು ಪಾತ್ರೆಯಿಟ್ಟು, ಫ್ರಿಜ್ಜಿನಲ್ಲಿ ನಾಲ್ಕೈದು ಗಂಟೆ ಸೋರಲು ಬಿಡುವುದು. ಸಂಜೆಗೆ ಬೆಣ್ಣೆಯಂಥ ಮುದ್ದೆ ಸಿಗುತ್ತದೆ. ಅದನ್ನು ಜರಡಿಯಲ್ಲಿ ಉಜ್ಜಿ ನಯಮಾಡಿ, ಒಂದು ಚಮಚ ಬಿಸಿಹಾಲಿನಲ್ಲಿ ನೆನೆದ ಕೇಸರಿ, ಏಲಕ್ಕಿಪುಡಿ, ಚಿಟಿಕೆ ಉಪ್ಪು, ಎರಡು ಟೀ ಚಮಚ ಸಕ್ಕರೆ ಸೇರಿಸಿ ಕಲಸುವುದು. ನಾಲ್ಕು ಜನಕ್ಕೆ ಇಷ್ಟು ಸಾಕು. ಒಬ್ಬರ ಪಾಲಿಗೆ ಬರುವ ಒಟ್ಟು ಸಕ್ಕರೆ 6 ಅಥವಾ 7 ಗ್ರಾಂ. ಪಾಯಸದ 50 ಗ್ರಾಮಿನೊಡನೆ ಇದನ್ನು ಹೋಲಿಸಿ ನೋಡಿ. ಸೋರಿದ ತಿಳಿನೀರನ್ನು ಚೆಲ್ಲಬೇಡಿ. ಮನೆಯ ಉಳಿದವರ ಚಪಾತಿಯ ಹಿಟ್ಟು ಕಲಸಲು ಅದಕ್ಕಿಂತ ಒಳ್ಳೆಯದಿಲ್ಲ.

ಎರಡನೆಯದು ಗಸಗಸೆ. ಗಸಗಸೆ ಪಾಯಸಕ್ಕೆ ಗಟ್ಟಿತನ ಬರಲೆಂದು ಒಂದಿಷ್ಟು ಅಕ್ಕಿ ಸೇರಿಸುವುದು ವಾಡಿಕೆ. ಅಕ್ಕಿಯ ಬದಲು ಬಾದಾಮಿ ಹಾಕಿದರೆ ಕೆನೆತನ ಹೆಚ್ಚುತ್ತದೆ, ಪಿಷ್ಟ ಇಳಿಯುತ್ತದೆ. ಎರಡು ದೊಡ್ಡ ಚಮಚ ಗಸಗಸೆಯನ್ನು ಕಮ್ಮನೆ ವಾಸನೆ ಬರುವವರೆಗೆ ಹುರಿದು, ಹತ್ತು ಹನ್ನೆರಡು ಬಾದಾಮಿಯೊಡನೆ ಬಿಸಿನೀರಿನಲ್ಲಿ ನೆನೆಸಿ, ಬಾದಾಮಿಯ ಸಿಪ್ಪೆ ತೆಗೆದು, ಎರಡು ಚಮಚ ತೆಂಗಿನ ತುರಿ ಸೇರಿಸಿ ಗಂಧದಂತೆ ಅರೆಯಬೇಕು. ಒಂದು ಲೋಟ ನೀರು, ಒಂದು ಲೋಟ ಹಾಲು ಬೆರೆಸಿ, ತಳಹಿಡಿಯದಂತೆ ಕೈಯಾಡಿಸುತ್ತ ಕುದಿಸಿ, ಎರಡು ಟೀ ಚಮಚ ಬೆಲ್ಲ, ಏಲಕ್ಕಿ, ಬೇಕಾದರೆ ಜಾಯಿಕಾಯಿಯ ಒಂದು ಉಜ್ಜು. ಇದು ನಾಲ್ಕು ಸಣ್ಣ ಲೋಟಗಳಿಗೆ. ಮಳೆಗಾಲದ ರಾತ್ರಿಗೆ, ಬಿಸಿಯಾಗಿ, ಇದಕ್ಕೆ ಸಮನಾದುದು ಅಪರೂಪ.

ಮೂರನೆಯದು ಹಾಲನ್ನೇ ಬಳಸದವರಿಗೆ. ಕರಾವಳಿಯವರು ತೆಂಗಿನ ಹಾಲಿನಲ್ಲಿ ರಸಾಯನ ಮಾಡುತ್ತಾರೆ. ಅದರಲ್ಲಿ ಬಾಳೆಹಣ್ಣು ಬೆಲ್ಲಗಳು ಧಾರಾಳ. ಹಾಲನ್ನು ಉಳಿಸಿಕೊಂಡು, ಹಣ್ಣಿಗೆ ಬದಲು ಎಳನೀರಿನ ಗಂಜಿಯನ್ನು ಸೇರಿಸೋಣ. ದಿನಸಿ ಅಂಗಡಿಯಲ್ಲಿ ‘ಚೈನಾ ಗ್ರಾಸ್’ ಎಂದು ದೊರೆಯುವ ಬಿಳಿಯ ಎಳೆಗಳು ಕಡಲ ಪಾಚಿಯಿಂದ ಮಾಡಿದುವು. ಅವು ಪಿಷ್ಟವಿಲ್ಲದೆಯೇ ಹೆಪ್ಪುಗಟ್ಟಿಸುತ್ತವೆ. 5 ಗ್ರಾಮಿನಷ್ಟನ್ನು ಒಂದು ಲೋಟ ನೀರಿನಲ್ಲಿ ಪೂರ್ತಿ ಕರಗುವವರೆಗೆ ಕುದಿಸಿ, ಬೆಚ್ಚಗಿರುವ ಒಂದೂವರೆ ಲೋಟ ಗಟ್ಟಿ ತೆಂಗಿನ ಹಾಲಿಗೆ ಬೆರೆಸಿ, ಹೆಚ್ಚಿದ ಗಂಜಿ, ಚಿಟಿಕೆ ಉಪ್ಪು, ಏಲಕ್ಕಿ, ಎರಡು ಟೀ ಚಮಚ ಸಕ್ಕರೆ ಹಾಕಿ ಬಟ್ಟಲುಗಳಿಗೆ ಸುರಿದರೆ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಗಟ್ಟಿಯಾಗುತ್ತದೆ. ತೆಂಗಿನ ಹಾಲನ್ನು ಮಾತ್ರ ಕುದಿಸಬಾರದು, ಒಡೆಯುತ್ತದೆ. ಸಬ್ಬಕ್ಕಿಯ ಕಣ್ಣುಗಳನ್ನು ಮರೆಯಲಾರದವರು ನೀರಿನಲ್ಲಿ ನೆನೆದು ಉಬ್ಬಿದ ಕಾಮಕಸ್ತೂರಿ ಬೀಜವನ್ನು ಮೇಲೆ ಹಾಕಿಕೊಳ್ಳಬಹುದು. ನೋಟಕ್ಕೆ ಅದೇ, ಒಳಗೆ ಬಹುಮಟ್ಟಿಗೆ ನಾರು.

ಸಕ್ಕರೆಯಲ್ಲದ ಸಿಹಿವಸ್ತುಗಳನ್ನು ಹಾಕಬಾರದೆ ಎಂಬ ಪ್ರಶ್ನೆ ಬರುತ್ತದೆ. 1879ರಲ್ಲಿ ಸ್ಯಾಕರಿನ್ ಕಂಡುಹಿಡಿದಂದಿನಿಂದ ಅವು ಒಂದೊಂದಾಗಿ ಬರುತ್ತಲೇ ಇವೆ. ಮೈತೂಕ ಇಳಿಸುವ ಉದ್ದೇಶಕ್ಕೆ ಅವನ್ನು ಬಳಸಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆಯಿತ್ತಿತು. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲವೆಂದೂ ಹೇಳಿತು. ಬೇಕಾದವರು ವೈದ್ಯರನ್ನು ಕೇಳಿ ಬಳಸಲಿ. ನನ್ನ ಆಕ್ಷೇಪ ಬೇರೆ: ಅವು ನಾಲಗೆಯನ್ನು ಹಳೆಯ ಸಿಹಿಯಲ್ಲಿಯೇ ನಿಲ್ಲಿಸಿಬಿಡುತ್ತವೆ. ನಾಲಗೆ ಕಲಿಯಬಲ್ಲ ವಿದ್ಯಾರ್ಥಿ. ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಬನ್ನಿ. ಕೆಲವು ವಾರಗಳಲ್ಲಿ ಹಿಂದಿನದೇ ಅತಿಯಾಯಿತು ಎನ್ನುತ್ತದೆ.

ಇನ್ನು ಎರಡು ಮಾತು ಆರೋಗ್ಯದ ದೃಷ್ಟಿಯಿಂದ. ಕೆನೆ, ತೆಂಗು, ಬಾದಾಮಿಗಳಲ್ಲಿ ಸಕ್ಕರೆ ಕಡಿಮೆಯೇ ಹೊರತು ಕೊಬ್ಬು ಕಡಿಮೆಯಲ್ಲ. ಬಟ್ಟಲು ಸಣ್ಣದೇ ಇರಬೇಕು, ಅದಕ್ಕೆ ಪ್ರತಿಯಾಗಿ ಅನ್ನದ ಒಂದು ಸೌಟು ಕಡಿಮೆಯಾಗಬೇಕು. ಹೃದಯದ ಅಥವಾ ಮೂತ್ರಪಿಂಡದ ತೊಂದರೆಯುಳ್ಳವರು ತಮ್ಮ ವೈದ್ಯರ ಮಾತನ್ನು ನನ್ನ ಮಾತಿಗಿಂತ ಮೇಲೆ ಇಟ್ಟುಕೊಳ್ಳಬೇಕು. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ ಸಕ್ಕರೆಗಳನ್ನು ಇದ್ದಕ್ಕಿದ್ದಂತೆ ಬಹಳ ಇಳಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕೆಳಗೆ ಹೋಗಬಹುದು. ಔಷಧದ ಪ್ರಮಾಣವನ್ನು ಕುರಿತು ಮೊದಲೇ ಕೇಳಿ ತಿಳಿಯುವುದು ಕ್ಷೇಮ.

ನಾನು ಮುಖ್ಯವಾಗಿ ಹೇಳಬೇಕೆಂದಿದ್ದುದು ಅಡಿಗೆ ಮಾಡುವವರಿಗೆ. ಕಾಯಿಲೆಯವರಿಗೆಂದು ಬೇರೆಯಾಗಿ ಒಂದು ಬಟ್ಟಲು ಮಾಡಿಡುವುದು ದೊಡ್ಡ ಪ್ರೀತಿ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಬೇರೆ ಬಟ್ಟಲೂ ಒಂದು ಗುರುತಿನ ಚೀಟಿಯೇ. ಅದಕ್ಕಿಂತ, ಎಲ್ಲರಿಗೂ ರುಚಿಸುವ, ಎಲ್ಲರೂ ತಿನ್ನಬಹುದಾದ ಒಂದೇ ಸಿಹಿಯನ್ನು ಎಲ್ಲರಿಗೂ ಬಡಿಸಿ. ಮಕ್ಕಳಿಗೆ ಇನ್ನಷ್ಟು ಸಿಹಿ ಬೇಕೆನಿಸಿದರೆ ನಾಲ್ಕು ದ್ರಾಕ್ಷಿ ಮೇಲೆ ಹಾಕಿಕೊಳ್ಳಲಿ. ಕಡಿಮೆ ಸಕ್ಕರೆಯಿಂದ ಆರೋಗ್ಯವಂತರಿಗೆ ನಷ್ಟವೇನೂ ಇಲ್ಲ; ಹೊಸ್ತಿಲಲ್ಲಿ ನಿಂತಿರುವ ಆ 13 ಕೋಟಿ ಜನರಲ್ಲಿ ನಮ್ಮ ಮಗನೋ ಸೊಸೆಯೋ ಇದ್ದರೆ, ಅವರಿಗೆ ಲಾಭವೇ. ಪಾತ್ರೆ ಹಿಡಿದ ಕೈ ಯಾವ ತಟ್ಟೆಯ ಮುಂದೆಯೂ ತಡೆಯದೆ ಸಾಲಿನ ಕೊನೆಯವರೆಗೆ ಹೋಗಲಿ.