ಅಪ್ಪ ಏನು ಮಾಡ್ತಾರೆ ಅಂತ ಕೇಳಿದ್ರು

(ವಿದ್ಯಾರ್ಥಿ ನಿಲಯದಲ್ಲಿ ಆಡಿದ ಮಾತುಗಳ ಬರಹ ರೂಪ)



ನಮ್ಮ ಪೈಕಿ ಒಬ್ಬ ಬೆಂಗಳೂರಿನ ಒಂದು ಕಂಪನಿಗೆ ಸಂದರ್ಶನಕ್ಕೆ ಹೋಗಿ ಬಂದ ಕತೆಯಿಂದ ಶುರು ಮಾಡ್ತೀವಿ. ಬಿ.ಎ. ಫಸ್ಟ್ ಕ್ಲಾಸಿನವನು. ಶೂ ಅವನದಲ್ಲ, ಪಕ್ಕದ ರೂಮಿನವನದು. ದೊಡ್ಡದಾಗಿತ್ತು ಅಂತ ಮುಂದಕ್ಕೆ ಪೇಪರು ತುರುಕಿದ್ದೆವು. ಬಸ್ ಚಾರ್ಜಿಗೆ ಎಲ್ಲರೂ ಸೇರಿಸಿ ಕೊಟ್ಟಿದ್ದೆವು. ಒಳಗೆ ಮೂವರು ಕೂತಿದ್ದರಂತೆ. ಮೊದಲು ಎಕ್ಸೆಲ್ ಬರುತ್ತಾ ಅಂದ್ರು. ಬರ್ತಿರಲಿಲ್ಲ. ಆಮೇಲೆ ಒಬ್ಬರು ಬಹಳ ನಯವಾಗಿ, ‘ತಂದೆಯವರು ಏನು ಮಾಡ್ತಾರೆ’ ಅಂದ್ರು. ಇವನು ‘ಅಗ್ರಿಕಲ್ಚರ್’ ಅಂದ. ‘ಎಷ್ಟು ಎಕರೆ?’

ಅವನ ಅಪ್ಪನಿಗೆ ಒಂದು ಗುಂಟೆ ಜಮೀನಿಲ್ಲ. ಊರ ಕೆರೆಯ ನೀರುಗಂಟಿ. ಇವನ ನಾಲಗೆ ಅಲ್ಲಿಗೇ ನಿಂತಿತು. ಹಾಸ್ಟೆಲಿಗೆ ಬಂದವನು ಮುಖದ ಮೇಲೆ ದುಪ್ಪಟಿ ಎಳಕೊಂಡು ಮಲಗಿದ. ಎರಡು ದಿನ ಊಟಕ್ಕೆ ಏಳಲಿಲ್ಲ. ಕೆಲಸ ಸಿಗಲಿಲ್ಲ ಅಂತಲ್ಲ. ಅಪ್ಪನ್ನ ಮುಚ್ಚಿಟ್ಟೆ ಅಂತ.

ಅವತ್ತಿನಿಂದ ನಾವು ಆ ಎರಡು ಪ್ರಶ್ನೆಗಳನ್ನ ಬೇರೆ ಬೇರೆ ಇಟ್ಟು ನೋಡ್ತಾ ಇದ್ದೀವಿ. ಎಕ್ಸೆಲ್ ಬರುತ್ತಾ ಅನ್ನೋದು ನ್ಯಾಯವಾದ ಪ್ರಶ್ನೆ. ಬರದಿದ್ದರೆ ಕಲೀಬೇಕು. ಆದರೆ ಅಪ್ಪ ಏನು ಮಾಡ್ತಾರೆ ಅನ್ನೋದು ಯಾವ ಕೌಶಲದ ಪರೀಕ್ಷೆ?

ಈಗ ಎಲ್ಲರ ಬಾಯಲ್ಲೂ ಒಂದೇ ಮಾತು, ಪದವೀಧರರಿಗೆ ಎಂಪ್ಲಾಯಬಿಲಿಟಿ ಇಲ್ಲ. 2023-24ರ ಕೇಂದ್ರ ಸರ್ಕಾರದ ಆರ್ಥಿಕ ಸಮೀಕ್ಷೆ ಯುವಜನರಲ್ಲಿ ಶೇ. 51.25 ಮಂದಿ ಮಾತ್ರ ಉದ್ಯೋಗಕ್ಕೆ ಅರ್ಹರು ಅಂತ ಬರೆಯಿತು. ಕಾಲೇಜಿನಿಂದ ಹೊರಬಂದ ಇಬ್ಬರಲ್ಲಿ ಒಬ್ಬ ಕೆಲಸಕ್ಕೆ ತಯಾರಿಲ್ಲ ಅಂತ. ಇದು ಪೂರಾ ಸುಳ್ಳು ಅಂತ ನಾವು ಹೇಳೋದಿಲ್ಲ. ಮೂರು ವರ್ಷ ನೋಟ್ಸು ಬರಕೊಂಡೆವು, ಗೈಡು ಉರು ಹೊಡೆದೆವು. ಸ್ವಂತವಾಗಿ ಒಂದು ಪುಟ ಬರೀರಿ ಅಂತ ಯಾರೂ ನಮ್ಮನ್ನ ಕೇಳಲಿಲ್ಲ, ನಾವೂ ಬರೀಲಿಲ್ಲ. ಪಾಠ ಹೇಳಿದ ಅತಿಥಿ ಉಪನ್ಯಾಸಕರಿಗೇ ಖಾಯಂ ಕೆಲಸ ಇರಲಿಲ್ಲ, ಪಾಪ. ಕೊನೇ ವರ್ಷ ‘ಸಾಫ್ಟ್ ಸ್ಕಿಲ್ಸ್’ ಅಂತ ಯಾರೋ ಬಂದು ಎರಡು ದಿನ ಟೈ ಕಟ್ಟೋದು, ಕೈ ಕುಲುಕೋದು ಹೇಳಿಕೊಟ್ಟು ಸರ್ಟಿಫಿಕೇಟು ಹಂಚಿ ಹೋದರು. ಟೈ ಕೊಡಲಿಲ್ಲ.

ಆದರೆ ಈ ಮಾತಿಗೆ ಒಂದು ಹಳೇ ವಂಶವಿದೆ. 1918ರಲ್ಲಿ ನಾಲ್ವಡಿಯವರು ಮಿಲ್ಲರ್ ಸಮಿತಿ ನೇಮಿಸಿದಾಗ, ಸರ್ಕಾರಿ ಕೆಲಸಕ್ಕೆ ಹಿಂದುಳಿದವರು ಬಂದರೆ ದಕ್ಷತೆ ಕೆಡುತ್ತದೆ ಅಂತ ಕೂಗೆದ್ದಿತು. ದಿವಾನ್ ವಿಶ್ವೇಶ್ವರಯ್ಯನವರೇ ಆ ಸಮಿತಿಯನ್ನು ಒಪ್ಪಲಿಲ್ಲ. ಅವತ್ತು ದಕ್ಷತೆ, ಆಮೇಲೆ ಮೆರಿಟ್ಟು, ಈಗ ಎಂಪ್ಲಾಯಬಿಲಿಟಿ. ಅಂಗಿ ಬದಲಾಯಿಸ್ತಾನೆ, ಆಸಾಮಿ ಅವನೇ.

ಬಾಬಾಸಾಹೇಬರಿಗೆ ಯಾವ ಕೌಶಲ ಕಮ್ಮಿ ಇತ್ತು ಹೇಳಿ. ಕೊಲಂಬಿಯಾದ ಎಂ.ಎ., ಲಂಡನ್ನಿನ ಓದು. 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದವರಿಗೆ ಇಡೀ ಊರಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿಗಳ ಛತ್ರದಲ್ಲಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಡಿಸಿದರು. ಸಾರ್ವಜನಿಕ ಉದ್ಯಾನದಲ್ಲಿ ಕೂತು ಕಾದು ರಾತ್ರಿ ರೈಲಿಗೆ ಬೊಂಬಾಯಿಗೆ ವಾಪಸಾದರು. ಹೆಸರು ಮುಚ್ಚಿಡೋ ಸಂಕಟ ನಮ್ಮ ಹುಡುಗನಿಂದ ಶುರುವಾದ್ದಲ್ಲ.

ಅದು ನೂರು ವರ್ಷದ ಹಿಂದಿನ ಮಾತು ಅಂತೀರಾ? ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಸಾವಿರಾರು ಅರ್ಜಿ ಹಾಕಿಸಿ ನೋಡಿದರು. ಒಂದೇ ಓದು, ಒಂದೇ ಅರ್ಹತೆ, ಹೆಸರು ಮಾತ್ರ ಬೇರೆ. 2007ರಲ್ಲಿ ಅದು ಅಚ್ಚಾಯಿತು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು. ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದೇ ಪಾಲು. ಅರ್ಜಿಗೆ ಕೌಶಲ ಕಮ್ಮಿ ಇತ್ತೇ? ಅದೇ ವರ್ಷ ಜೋಧ್ಕಾ ಮತ್ತು ನ್ಯೂಮನ್ ದಿಲ್ಲಿ ಕಡೆಯ ಕಂಪನಿಗಳಲ್ಲಿ ಕೆಲಸಕ್ಕೆ ಆರಿಸುವ ಅಧಿಕಾರಿಗಳನ್ನೇ ಕೇಳಿದರು. ನಾವು ಜಾತಿ ನೋಡೋದಿಲ್ಲ, ಮೆರಿಟ್ ನೋಡ್ತೀವಿ ಅಂದರು. ಹಾಗಂದವರೇ ಮನೆತನದ ಹಿನ್ನೆಲೆ ಮುಖ್ಯ ಅಂತಲೂ ಅಂದರು. ‘ಅಪ್ಪ ಏನು ಮಾಡ್ತಾರೆ’ ಅನ್ನೋ ಪ್ರಶ್ನೆ ಹುಟ್ಟೋದು ಇಲ್ಲಿಂದ.

ಈಗ ಆ ನೀರುಗಂಟಿಯ ಮಾತಿಗೆ ಬರ್ತೀವಿ. ಕೆರೆಯಲ್ಲಿ ಎಷ್ಟು ನೀರಿದೆ, ಅಚ್ಚುಕಟ್ಟಿಗೆ ಎಷ್ಟು ದಿನಕ್ಕೆ ಆಗುತ್ತೆ, ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು, ಎಲ್ಲಾ ಆತನ ತಲೆಯಲ್ಲಿ. ನೀರಿಗೆ ಗುದ್ದಲಿ ಎತ್ತಿ ನಿಂತ ರೈತರ ನಡುವೆ ನಿಂತು ಒಪ್ಪಿಸಬೇಕು. ಅದೂ ಅವರು ಕೊಡೋ ಆಯದ ಭತ್ತದಲ್ಲಿ ಬದುಕ್ತಾ. ಇದನ್ನೇ ಕಂಪನಿಯೋರು ರಿಸೋರ್ಸ್ ಮ್ಯಾನೇಜ್‌ಮೆಂಟು, ಟೀಮ್ ವರ್ಕು ಅಂತ ಫೀಸು ತಗೊಂಡು ಕಲಿಸ್ತಾರೆ. ಸುಣ್ಣದ ತೊಟ್ಟಿಯಲ್ಲಿ ಚರ್ಮ ನೆನೆಸಿ, ತಂಗಡಿ ಚಕ್ಕೆ ಹಾಕಿ ಹದ ಮಾಡಿದ ನಮ್ಮ ತಾತಂದಿರಿಗೆ ಕೆಮಿಸ್ಟ್ರಿ ಗೊತ್ತಿತ್ತು ಅಂದರೆ ನಗಬೇಡಿ. ಹಾಗಂತ ಅದೇ ಕಸುಬಿಗೆ ವಾಪಸು ಹೋಗಿ ಅನ್ನೋರ ಮಾತು ಕೇಳಲೂಬೇಡಿ. ಆ ಕೆಲಸದಲ್ಲಿ ಬುದ್ಧಿ ಇತ್ತು, ಕೂಲಿ ಇರಲಿಲ್ಲ, ಮರ್ಯಾದೆ ಇರಲಿಲ್ಲ.

ಹಾಗಾದರೆ ಮಾಡೋದೇನು? ಸಿಟ್ಟು ಒಂದನ್ನೇ ಇಟ್ಟುಕೊಂಡು ಎಕ್ಸೆಲ್ ಬರೋದಿಲ್ಲ. ಇಂಗ್ಲಿಷೂ ಬರೋದಿಲ್ಲ. ಕವಿತೆ ಬರೀತೀವಿ ಅಂತ ನಾವೂ ಎರಡು ವರ್ಷ ಇದರಿಂದ ತಪ್ಪಿಸಿಕೊಂಡು ಓಡಾಡಿದವರೇ. ಈ ತಿಂಗಳಿಂದ ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಓದುವ ಕೋಣೆಯಲ್ಲಿ ಕೂರ್ತಾ ಇದ್ದೀವಿ. ಬಿ.ಕಾಂ. ಹುಡುಗರು ಎಕ್ಸೆಲ್ ಹೇಳಿಕೊಡ್ತಾರೆ. ಒಬ್ಬರು ಇಂಗ್ಲಿಷ್ ಪೇಪರು ಗಟ್ಟಿಯಾಗಿ ಓದ್ತಾರೆ, ಮಿಕ್ಕವರು ಅದನ್ನೇ ತಮ್ಮ ಮಾತಲ್ಲಿ ಹೇಳಬೇಕು, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ತಪ್ಪಾಡಿದರೆ ನಗೋ ಹಾಗಿಲ್ಲ, ನಕ್ಕವನು ಮಾರನೇ ದಿನ ಕೋಣೆ ಗುಡಿಸಬೇಕು. (ಇಲ್ಲೀತನಕ ನಾವೇ ಹೆಚ್ಚು ಗುಡಿಸಿದ್ದೀವಿ.) ಅರ್ಜಿ, ಬಯೋಡೇಟಾ ಅವರವರೇ ಬರೀಬೇಕು, ಸೈಬರ್ ಸೆಂಟರಿನವನು ಇನ್ನೊಬ್ಬರದ್ದರಲ್ಲಿ ಹೆಸರು ತಿದ್ದಿ ಕೊಡೋದು ಬೇಡ.

ಹೆಣ್ಣುಮಕ್ಕಳ ಹಾಸ್ಟೆಲಿಗೆ ಸಂಜೆಗೇ ಬೀಗ ಬೀಳುತ್ತೆ, ಅವರು ಇಲ್ಲಿಗೆ ಬರೋ ಹಾಗಿಲ್ಲ. ಅಲ್ಲೇ ಇಂಥದೊಂದು ಕೂಟ ಮಾಡಿಕೊಳ್ತೀವಿ ಅಂದಿದ್ದಾರೆ. ಅವರಿಗೂ ಕಂಪ್ಯೂಟರು ಬೇಕು. ನಮ್ಮ ಹಾಸ್ಟೆಲಿಗೆ ಬಂದ ಎರಡು ಕಂಪ್ಯೂಟರು ಆಫೀಸು ಕೋಣೆಯಲ್ಲಿ ಬಟ್ಟೆ ಹೊದ್ದುಕೊಂಡು ಕೂತಿವೆ. ಅವನ್ನ ಹೊರಗೆ ತರಿಸೋ ಮನವಿ ಪತ್ರಕ್ಕೆ ಇವತ್ತು ಸಹಿ ಹಾಕಿ ಹೋಗಿ. ಸೋಮವಾರ ಜಿಲ್ಲಾ ಕಚೇರಿಗೆ ಎಲ್ಲರೂ ಹೋಗೋಣ, ಹಾಸ್ಟೆಲಿನಲ್ಲಿ ಒಬ್ಬರೂ ಉಳೀಬಾರದು.

ದುಪ್ಪಟಿ ಎಳಕೊಂಡು ಮಲಗಿದ್ದ ಗೆಳೆಯ ಇಲ್ಲೇ ಹಿಂದಿನ ಸಾಲಲ್ಲಿ ಕೂತಿದ್ದಾನೆ. ಮುಂದಿನ ವಾರ ಮತ್ತೆ ಒಂದು ಸಂದರ್ಶನ ಇದೆ. ಈ ರಾತ್ರಿ ಮೇಜಿನ ಈ ಕಡೆ ನಾವು ಮೂವರು ಕೂರ್ತೀವಿ, ಆ ಕಡೆ ಅವನು. ಎಕ್ಸೆಲ್ ಕೇಳ್ತೀವಿ. ಆಮೇಲೆ ಅಪ್ಪ ಏನು ಮಾಡ್ತಾರೆ ಅಂತಲೂ ಕೇಳ್ತೀವಿ. ಬನ್ನಿ, ಅವನು ಏನು ಹೇಳ್ತಾನೆ ಕೇಳೋಣ.

ಜೈಭೀಮ್.