ಬರ್ಫದ ತೊಟ್ಟಿ: ತಣ್ಣಗಿದ್ದುದೆಲ್ಲ ಶುದ್ಧವಲ್ಲ

(ಕ್ರೀಡಾಕೂಟದ ಸ್ವಯಂಸೇವಕರ ಸಭೆಯಲ್ಲಿ ಮಾಡಿದ ಭಾಷಣ)



ಆಟ ಮುಗಿಸಿದವರು ಬರ್ಫ ಹಾಕಿದ ನೀರಿನ ತೊಟ್ಟಿಯಲ್ಲಿ ಕೂತು ಮೈನೋವು ಕಳೆಯುವ ರೂಢಿ ಈಗ ಬಂದಿದೆ. ಕೂರುವವರು ಆಟಗಾರರು; ಬರ್ಫ ಹೊತ್ತು, ನೀರು ತುಂಬಿ, ತೊಟ್ಟಿ ಕಾಯುವವರು ನಾವು, ಹೋಟೆಲಿನಲ್ಲಿ ದುಡಿಯುವವರು, ಗಿರಣಿಯಲ್ಲಿ ದುಡಿದವರು. ಆದುದರಿಂದ ಅದರ ಹೊಣೆಯೂ ನಮ್ಮದೇ.

ಮೊದಲು ಬರ್ಫದ ಮಾತು. ಚಳಿಗೆ ಕ್ರಿಮಿ ಸಾಯುತ್ತದೆಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. ಕೆಟ್ಟ ನೀರು ಗಡ್ಡೆ ಕಟ್ಟಿದರೂ ಅದರೊಳಗಿನ ರೋಗಾಣುಗಳಲ್ಲಿ ಅನೇಕವು ಬದುಕಿರುತ್ತವೆ. ತಿನ್ನುವ ಬರ್ಫವೂ ತಿನ್ನಲಾಗದ್ದೂ ಬೆರೆಯಬಾರದೆಂದೇ, 2018ರಲ್ಲಿ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತವು ತಿನ್ನಲಾಗದ ಬರ್ಫಕ್ಕೆ ನೀಲಿ ಬಣ್ಣ ಹಾಕಬೇಕೆಂದು ವಿಧಿಸಿತು. ತೊಟ್ಟಿಯ ನೀರು ಬಾಯಿಗೂ ತರಚಿದ ಗಾಯಕ್ಕೂ ತಾಗುವುದರಿಂದ ತಿನ್ನುವ ಬರ್ಫವನ್ನೇ ತರಿಸಿರಿ. ಲಾದಿಯನ್ನು ನೆಲದ ಮೇಲೆ ಎಳೆಯಬೇಡಿರಿ, ತೊಳೆದು ಒಡೆಯಿರಿ. ಶರಬತ್ತಿನ ಬರ್ಫದ ಡಬ್ಬ ಬೇರೆಯೇ ಇರಲಿ. ತೊಟ್ಟಿಗೆ ತಂದದ್ದು ಲೋಟಕ್ಕೆ ಹೋಗಕೂಡದು.

ಇನ್ನು ನೀರು. ಬೆವರು, ಮಣ್ಣು ತೊಳೆದುಕೊಂಡೇ ಇಳಿಯಬೇಕು. ಗಾಯ, ಚರ್ಮರೋಗ, ಭೇದಿ ಇದ್ದವರನ್ನು ಇಳಿಸಬಾರದು. ನೀರು ಸೋಸುವ ಯಂತ್ರವಿಲ್ಲದ ಸಣ್ಣ ತೊಟ್ಟಿಯಾದರೆ ಒಬ್ಬೊಬ್ಬರು ಎದ್ದ ಮೇಲೂ ನೀರು ಚೆಲ್ಲಿ, ಬ್ಲೀಚಿಂಗ್ ಪೌಡರಿನ ನೀರಿನಿಂದ ಉಜ್ಜಿ, ತೊಳೆದು, ಹೊಸ ನೀರು ತುಂಬಬೇಕು. ಒಬ್ಬರು ಕುಡಿದ ಲೋಟವನ್ನು ತೊಳೆಯದೆ ಇನ್ನೊಬ್ಬರ ಮುಂದಿಡುತ್ತೇವೆಯೇ? ಇದೂ ಹಾಗೆಯೇ.

ಮೂರನೆಯದು ಜೀವದ ಮಾತು. ತಣ್ಣೀರಿಗೆ ಇಳಿದ ಮೊದಲ ನಿಮಿಷದಲ್ಲಿ ಉಸಿರು ಒಮ್ಮೆಲೇ ಎಳೆದುಕೊಳ್ಳುತ್ತದೆ, ನಾಡಿ ಓಡುತ್ತದೆ, ರಕ್ತದ ಒತ್ತಡ ಏರುತ್ತದೆ. ಆದುದರಿಂದ ಹೃದ್ರೋಗಿಗಳು, ರಕ್ತದೊತ್ತಡದವರು, ಗರ್ಭಿಣಿಯರು, ಮದ್ಯ ಕುಡಿದವರು ಇಳಿಯಬಾರದು. ಥರ್ಮಾಮೀಟರು ಹಾಕಿ ನೋಡಿರಿ. 10ರಿಂದ 15 ಡಿಗ್ರಿ ಸೆಲ್ಸಿಯಸ್ ಸಾಕು. ಹತ್ತು ನಿಮಿಷ ಮೀರಬಾರದು. ತಲೆ ಮುಳುಗಿಸಬಾರದು. ಗಡಿಯಾರ ಹಿಡಿದ ಒಬ್ಬರು ಪಕ್ಕದಲ್ಲೇ ನಿಂತಿರಬೇಕು. ವಿದ್ಯುತ್ತಿನ ತಂತಿ ತೊಟ್ಟಿಯ ಹತ್ತಿರ ಸುಳಿಯಕೂಡದು.

ಆದರೆ ಈ ನಿಯಮಗಳನ್ನು ಬದಿಗಿಡಬೇಕಾದ ಒಂದು ಸಮಯವುಂಟು. 2023ರ ಏಪ್ರಿಲ್ 16ರಂದು ನವಿಮುಂಬಯಿಯ ಖಾರ್ಘರದಲ್ಲಿ, ಬಯಲಿನ ಬಿಸಿಲಲ್ಲಿ ನಡೆದ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭಕ್ಕೆ ಬಂದವರಲ್ಲಿ 14 ಮಂದಿ ಬಿಸಿಲಿನ ಹೊಡೆತದಿಂದ ತೀರಿಕೊಂಡರು. ಮೈ ಕೆಂಡವಾಗಿ, ಮಾತು ತೊದಲಿ, ಎಚ್ಚರ ತಪ್ಪುತ್ತಿರುವವನಿಗೆ ಬರ್ಫದ ನೀರೇ ಮೊದಲ ಮದ್ದು. ಒಬ್ಬರು 108ಕ್ಕೆ ಫೋನು ಮಾಡಿರಿ. ಉಳಿದವರು ವೈದ್ಯರನ್ನು ಕರೆಯುತ್ತಲೇ ಅವನನ್ನು ಕುತ್ತಿಗೆಯವರೆಗೆ ತೊಟ್ಟಿಗಿಳಿಸಿ, ಕಂಕುಳಡಿ ಹಿಡಿದು, ತಲೆ ಮೇಲೆತ್ತಿ, ನೀರು ಕದಡುತ್ತಿರಿ. ತೊಟ್ಟಿಯಿಲ್ಲವಾದರೆ ಬರ್ಫದ ನೀರಿನಲ್ಲಿ ನೆನೆಸಿದ ಬಟ್ಟೆ ಹೊದಿಸಿ, ಮತ್ತೆ ಮತ್ತೆ ಬದಲಿಸಿರಿ. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬೇಡಿರಿ. ಆಗ ನೀಲಿ ಬರ್ಫವೋ ಬಿಳಿಯದೋ ಎಂದು ನೋಡುತ್ತ ಕೂಡುವುದೂ ಬೇಡ.

ಬಂಧುಗಳೇ, ತೊಟ್ಟಿಯ ಬಳಿ ನಿಂತವನಿಗೆ ಇಷ್ಟು ಅಧಿಕಾರ ಬೇಕು: ನೀರು ಕೊಳೆಯಾದರೆ "ಈಗಿಲ್ಲ" ಎನ್ನಬೇಕು, ಹೊತ್ತು ಮೀರಿದರೆ "ಏಳಿ" ಎನ್ನಬೇಕು. ಎದುರಿಗಿರುವವರು ಅತಿಥಿಗಳಾಗಲಿ, ಧಣಿಗಳಾಗಲಿ, ಸಂಘದ ಪದಾಧಿಕಾರಿಗಳಾಗಲಿ, ಆ ಮಾತನ್ನು ಮನ್ನಿಸಬೇಕು. ಈ ಒಂದು ಅಧಿಕಾರವನ್ನು ಸ್ವಯಂಸೇವಕರಿಗೆ ಕೊಡಬೇಕೆಂದು ಸಭೆಯನ್ನು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.