ನೀರು ಒಳಗೆ ಬರುವ ಮುನ್ನ
(ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನನ್ನ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದ್ದಾರೆ. ದೂರ ಸಮುದ್ರಕ್ಕೆ ಹೋಗುವ ಹಾಯಿದೋಣಿಗಳನ್ನು ಪ್ರಯಾಣಕ್ಕೆ ಸಿದ್ಧಗೊಳಿಸುವವನು ನಾನು. ನೀರು ಒಳಗೆ ಬಂದರೆ ಏನು ಮಾಡಬೇಕೆಂಬುದನ್ನು ದಡದಲ್ಲೇ ತೀರ್ಮಾನಿಸಿಡುವುದು ಆ ಕೆಲಸದ ಮುಖ್ಯ ಭಾಗ.

ಹಾಯಿದೋಣಿಯ ತಳದಲ್ಲಿ ನಾವೇ ಕೊರೆದ ತೂತುಗಳಿರುತ್ತವೆ. ಎಂಜಿನ್ ತಣಿಸಲು ಒಂದು, ಶೌಚಾಲಯಕ್ಕೆ ಒಂದೆರಡು. ಪ್ರತಿಯೊಂದಕ್ಕೂ ಒಂದು ವಾಲ್ವ್, ಒಂದು ಪೈಪು. ಪೈಪು ಕಳಚಿದರೆ? ಇದೇ ಶಾಲೆಯಲ್ಲಿ ಕಲಿತ ಭೌತಶಾಸ್ತ್ರ ಉತ್ತರ ಹೇಳುತ್ತದೆ. ಅರ್ಧ ಮೀಟರ್ ಆಳದಲ್ಲಿ ನೀರು ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಲ್ಲಿ ನುಗ್ಗುತ್ತದೆ. 4 ಸೆಂಟಿಮೀಟರ್ ಅಗಲದ ತೂತಾದರೆ, ಧಾರೆ ಕಿರಿದಾಗುವುದನ್ನು ಕಳೆದರೂ ನಿಮಿಷಕ್ಕೆ ಸುಮಾರು 140 ಲೀಟರ್. ಹತ್ತಿರ ಹತ್ತಿರ ಹತ್ತು ಕೊಡ!

ಕೈಪಂಪಿನಿಂದ ಅಷ್ಟು ನೀರನ್ನು ಒಬ್ಬನೇ ಬಹಳ ಹೊತ್ತು ಎತ್ತಲಾರ. ನೀರು ಬ್ಯಾಟರಿಗೆ ಮುಟ್ಟಿದರೆ ವಿದ್ಯುತ್ ಪಂಪನ್ನೂ ನಂಬುವಂತಿಲ್ಲ. ಆದ್ದರಿಂದ ಮೊದಲು ತೂತು ಹುಡುಕಿ ಮುಚ್ಚಬೇಕು. ಪಂಪು ಅದಕ್ಕೆ ಬೇಕಾದ ಸಮಯವನ್ನಷ್ಟೇ ಕೊಡುತ್ತದೆ.

ಹಾಗಾಗಿ ಪ್ರತಿ ವಾಲ್ವಿನ ಪಕ್ಕದಲ್ಲೂ ಆ ತೂತಿಗೆ ಹೊಂದುವ ಮೆದುಮರದ ಬೆಣೆಯೊಂದನ್ನು ದಾರದಲ್ಲಿ ಕಟ್ಟಿಡುತ್ತೇವೆ. ಪೈಪಿಗೆ ಎರಡೆರಡು ಸ್ಟೀಲ್ ಕ್ಲಿಪ್ಪು. ವಾಲ್ವುಗಳನ್ನು ಆಗಾಗ ತಿರುಗಿಸಿ ನೋಡುತ್ತೇವೆ. ಜಾಮ್ ಆದ ವಾಲ್ವು ಇದ್ದೂ ಇಲ್ಲದಂತೆ. ತಳದಲ್ಲಿ ಕಸ, ಕಾಗದ ಉಳಿಸುವುದಿಲ್ಲ, ಅವು ಪಂಪಿನ ಬಾಯಿ ಕಟ್ಟುತ್ತವೆ. ಯಾವ ವಾಲ್ವು ಎಲ್ಲಿದೆ ಎಂಬ ನಕ್ಷೆಯನ್ನು ಎಲ್ಲರಿಗೂ ಕಾಣುವಂತೆ ಅಂಟಿಸುತ್ತೇವೆ.

ಒಮ್ಮೆ ನಡುರಾತ್ರಿ ನೀರಿನ ಅಲಾರಂ ಹೊಡೆದುಕೊಂಡಿತು. ಮೊದಲ ಪ್ರಯಾಣಕ್ಕೆ ಬಂದಿದ್ದ ಹುಡುಗನೊಬ್ಬ ನೀರನ್ನು ಬೆರಳಲ್ಲಿ ಅದ್ದಿ ನಾಲಿಗೆಗೆ ಹಚ್ಚಿ ನೋಡಿದ. ಉಪ್ಪು! ಕುಡಿಯುವ ನೀರಿನ ಟ್ಯಾಂಕ್ ಸೋರಿದ್ದಲ್ಲ ಎಂದು ಗೊತ್ತಾಯಿತು. ನಕ್ಷೆ ನೋಡಿ ನೇರ ಎಂಜಿನ್ ಕೆಳಗಿನ ವಾಲ್ವಿಗೆ ಕೈಹಾಕಿ ತಿರುಗಿಸಿದ. ನಾವು ಐದು ಜನ ಬೆಳಗ್ಗೆ ಚಹಾ ಕುಡಿದೆವು.

1979ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಫಾಸ್ಟ್‌ನೆಟ್ ಪಂದ್ಯ ಬಿರುಗಾಳಿಗೆ ಸಿಕ್ಕಿ 15 ನಾವಿಕರು ತೀರಿಕೊಂಡರು. 24 ದೋಣಿಗಳನ್ನು ಜನ ಬಿಟ್ಟು ಹೋದರು. ಮುಳುಗಿದ್ದು 5 ಮಾತ್ರ. ತೇಲುತ್ತಿರುವ ದೋಣಿಯನ್ನು ಅವಸರದಲ್ಲಿ ಬಿಡಬಾರದೆಂಬ ಪಾಠವನ್ನು ನಮ್ಮ ವೃತ್ತಿಯವರು ಅಂದು ಕಲಿತರು.

ಮಕ್ಕಳೇ, ನಿಮ್ಮಲ್ಲಿ ಹಲವರ ಮನೆಯವರು ಮೀನಿಗೆ ಹೋಗುವವರು. ಈ ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿ: ನಮ್ಮ ಬೋಟಿನ ವಾಲ್ವು ತಿರುಗುತ್ತದೆಯೇ? ಪಂಪು ಓಡುತ್ತದೆಯೇ? ಲೈಫ್ ಜಾಕೆಟ್ ಕೈಗೆ ಸಿಗುವ ಹಾಗಿದೆಯೇ?